ಹೆಸರಘಟ್ಟದ ಹುಲ್ಲುಗಾವಲಿಗೆ ಕುಡುಗೋಲು ಕೊಡಿ

ರಾಜ್ಯ ವನ್ಯಜೀವಿ ಮಂಡಳಿಯ ಅಧ್ಯಕ್ಷರೂ ಆಗಿರುವ ಮುಖ್ಯಮಂತ್ರಿಗಳಿಗೆ, ಅರಣ್ಯ ಸಚಿವರಿಗೆ ಮತ್ತು ಪಶುಸಂಗೋಪನಾ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಹೆಸರಘಟ್ಟದ ಹುಲ್ಲುಗಾವಲನ್ನು ಸಂರಕ್ಷಣಾ ಮೀಸಲು ಮಾಡಬೇಕೆಂಬ ಪ್ರಸ್ತಾವವನ್ನು ರಾಜ್ಯ ವನ್ಯಜೀವಿ ಮಂಡಳಿ 2021ರ ಜನವರಿಯಲ್ಲಿ ತಳ್ಳಿಹಾಕಿತ್ತು. ವಿಷಯ ಹೈಕೋರ್ಟಿಗೆ ಹೋಯಿತು. 2024ರ ಅಕ್ಟೋಬರ್‌ನಲ್ಲಿ ಅದೇ ಮಂಡಳಿ ಅದೇ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ಸುಮಾರು 5,678 ಎಕರೆ. ಬೆಂಗಳೂರಿನ ಮಗ್ಗುಲಲ್ಲಿ, ಅಡಿ ಲೆಕ್ಕದಲ್ಲಿ ನೆಲ ಮಾರಾಟವಾಗುವ ಕಡೆ, ಅಷ್ಟು ದೊಡ್ಡ ಬಯಲನ್ನು ಹುಲ್ಲಿಗೆಂದೇ ಬಿಡಲು ಧೈರ್ಯ ಬೇಕು. ಆ ಧೈರ್ಯಕ್ಕೆ ಈ ಭಾಗದ ನಿವಾಸಿಯಾಗಿ ನಾನು ಕೃತಜ್ಞ.

ಆದರೆ ಕಾಗದದ ಮೇಲೆ ಉಳಿದ ಬಯಲು ನೆಲದ ಮೇಲೂ ಉಳಿಯಬೇಕಲ್ಲ. ಹುಲ್ಲುಗಾವಲನ್ನು ಗೆಜೆಟ್ ಪ್ರಕಟಣೆ ಕಾಯುವುದಿಲ್ಲ, ಬೇಲಿ ಕಾಯುವುದಿಲ್ಲ, ಸಸಿ ನೆಡುವ ಕಾರ್ಯಕ್ರಮವಂತೂ ಅದನ್ನು ಕೊಲ್ಲುತ್ತದೆ. ಕಾಲಕ್ಕೆ ಸರಿಯಾಗಿ ಹುಲ್ಲು ಕೊಯ್ಯುವ ಕೈಗಳು ಅದನ್ನು ಕಾಯುತ್ತವೆ. ಯಾವ ಹುಲ್ಲನ್ನು, ಯಾವ ಮಳೆಯಲ್ಲಿ, ಎಷ್ಟು ಎತ್ತರಕ್ಕೆ, ಯಾರು ಕೊಯ್ಯಬೇಕು ಎಂಬುದನ್ನು ಸರ್ಕಾರ ಬರವಣಿಗೆಯಲ್ಲಿ ತೀರ್ಮಾನಿಸಬೇಕು. ಈ ಪತ್ರದ ಮೂಲ ಬೇಡಿಕೆ ಇದು. ಉಳಿದದ್ದೆಲ್ಲ ಅದಕ್ಕೆ ಕಾರಣ.

ಮೊದಲು ನಮ್ಮ ನೆಲದ ಹುಲ್ಲನ್ನು ಹತ್ತಿರದಿಂದ ನೋಡಿ. ಸ್ವಾತಿ ಮಳೆ ಕಳೆದ ಮೇಲೆ ಬಯಲಲ್ಲಿ ಹತ್ತು ಹೆಜ್ಜೆ ನಡೆದರೆ ಸಾಕು, ಪಂಚೆಯ ಅಂಚಿಗೋ ಪ್ಯಾಂಟಿನ ಕಾಲಿಗೋ ಊಬು ಚುಚ್ಚಿಕೊಳ್ಳುತ್ತದೆ. ಒಂದನ್ನು ಕಿತ್ತು ಅಂಗೈ ಮೇಲಿಟ್ಟು ಒಂದು ಹನಿ ನೀರು ಹಾಕಿ. ಒಣಗಿ ತಿರುಚಿಕೊಂಡ ಆ ಕಪ್ಪು ಎಳೆ ನಿಧಾನವಾಗಿ ಬಿಚ್ಚಿಕೊಳ್ಳುತ್ತಾ ತಿರುಗತೊಡಗುತ್ತದೆ. ಒಣಗಿದರೆ ಮತ್ತೆ ತಿರುಚಿಕೊಳ್ಳುತ್ತದೆ. ಹೀಗೆ ಇಬ್ಬನಿಗೆ ಬಿಚ್ಚಿಕೊಂಡು, ಬಿಸಿಲಿಗೆ ಸುತ್ತಿಕೊಂಡು ಬೀಜ ತನ್ನನ್ನು ತಾನೇ ನೆಲಕ್ಕೆ ಕೊರೆದುಕೊಳ್ಳುತ್ತದೆ. ಯಾರೂ ಗುಂಡಿ ತೋಡಬೇಕಿಲ್ಲ, ನೀರು ಹಾಕಬೇಕಿಲ್ಲ. ಈ ಊಬಿನ ಹುಲ್ಲು ಪೊದೆಪೊದೆಯಾಗಿ, ಬಿಡಿಬಿಡಿಯಾಗಿ ಬೆಳೆಯುತ್ತದೆ. ಎರಡು ಪೊದೆಗಳ ನಡುವೆ ಒಂದು ಗೇಣು, ಎರಡು ಗೇಣು ಬರಿ ನೆಲ ಉಳಿಯುತ್ತದೆ. ನೆಲಗುಬ್ಬಿ ಮೊಟ್ಟೆಯಿಡುವುದು ಅಲ್ಲಿ. ಗೌಜುಗದ ಮರಿಗಳು ಓಡಾಡುವುದು ಅಲ್ಲಿ. ಮಳೆಗಾಲದಲ್ಲಿ ಸಣ್ಣ ಸಣ್ಣ ಹೂಗಿಡಗಳು ತಲೆಯೆತ್ತುವುದೂ ಅಲ್ಲೇ. ಚಳಿಗಾಲಕ್ಕೆ ಕಜಕಿಸ್ತಾನದ ಕಡೆಯಿಂದ ಬರುವ ಸೆಳೆವ ಜಾತಿಯ ಗಿಡುಗಗಳು ಈ ಬಯಲಿನ ಮಿಡತೆಗಳನ್ನು ಹಿಡಿದು ತಿಂದು, ರಾತ್ರಿ ಮರ ಹತ್ತದೆ, ಎತ್ತರದ ಒಣಹುಲ್ಲಿನ ನಡುವೆ ನೆಲದ ಮೇಲೇ ಮಲಗುತ್ತವೆ.

ಈಗ ರಸ್ತೆಯಂಚಿನ ಚರಂಡಿಗೆ ಬನ್ನಿ. ಅಲ್ಲಿ ಆಳೆತ್ತರ ಬೆಳೆದಿರುವುದು ಗಿನಿ ಹುಲ್ಲು. ಆಫ್ರಿಕಾದ ಬಹುವಾರ್ಷಿಕ ಹುಲ್ಲು ಇದು. 18ನೇ ಶತಮಾನದ ಕೊನೆಯ ಹೊತ್ತಿಗೇ ಮೇವಿಗೆಂದು ಭಾರತಕ್ಕೆ ಬಂತು. ಅದರ ಬಳಗದ ನೇಪಿಯರ್, ಅಂದರೆ ನಮ್ಮ ರೈತರ ಸೀಮೆಹುಲ್ಲು, 1912ರಲ್ಲಿ ಬಂತು. ಹೈನುಗಾರರಿಗೆ ಇವು ವರವೇ ಸರಿ. ನೀರು, ಗೊಬ್ಬರ ಕೊಟ್ಟ ಹೊಲದ ಬದುವಿನಲ್ಲಿ ಇವು ಬೆಳೆಯಲಿ, ಹಸು ತಿನ್ನಲಿ, ಮನೆಗೆ ಹಾಲು ಬರಲಿ. ತಕರಾರು ಶುರುವಾಗುವುದು ಗಿನಿ ಹುಲ್ಲು ಬದು ದಾಟಿ ಬಯಲಿಗೆ ಕಾಲಿಟ್ಟಾಗ. ಬೆಂಗಳೂರಿನ ಖಾಲಿ ಸೈಟುಗಳನ್ನು, ರೈಲು ಹಳಿಯ ಪಕ್ಕವನ್ನು, ಕೆರೆ ಏರಿಯನ್ನು ಅದು ಹೇಗೆ ತುಂಬಿಕೊಂಡಿದೆ ಎಂಬುದನ್ನು ತಾವು ಕಾರಿನ ಕಿಟಕಿಯಿಂದಲೇ ನೋಡಬಹುದು.

ಒಂದು ಗಿನಿ ಪೊದೆಯನ್ನು ಕೈಯಿಂದ ಬಿಡಿಸಿ ನೋಡಿದರೆ ಅದರ ಬಲ ತಿಳಿಯುತ್ತದೆ. ಒಂದೇ ಬುಡದಿಂದ ಹತ್ತಾರು ತೆಂಡೆಗಳು ಒತ್ತೊತ್ತಾಗಿ ಏಳುತ್ತವೆ. ಹೊರಗಿನವು ಹಸಿರು, ಒಳಗಿನವು ಹಳೆಯ ವರ್ಷದ ಒಣ ಕಡ್ಡಿ. ಸುತ್ತ ಒಂದು ಮಾರು ನೆಲಕ್ಕೆ ಬಿಸಿಲೇ ಬೀಳುವುದಿಲ್ಲ. ಅಲ್ಲಿ ಊಬಿನ ಹುಲ್ಲಿಲ್ಲ, ಹೂಗಿಡವಿಲ್ಲ, ಹಕ್ಕಿಯ ಗೂಡಿಲ್ಲ. ತೆನೆಯನ್ನು ಬೆರಳ ಸಂದಿಯಲ್ಲಿ ಹಿಡಿದು ಎಳೆದರೆ ಬಲಿತ ಕಾಳು ಉದುರುತ್ತದೆ, ಎಳೆಯದು ಕಡ್ಡಿಯಲ್ಲೇ ಉಳಿಯುತ್ತದೆ. ಅದರ ತೆನೆ ಒಟ್ಟಿಗೆ ಮಾಗುವುದಿಲ್ಲ. ಇಂದಷ್ಟು, ನಾಳೆಯಷ್ಟು ಎಂದು ವಾರಗಟ್ಟಲೆ ಬೀಜ ಉದುರಿಸುತ್ತಲೇ ಇರುತ್ತದೆ. ಪರಾಗಸ್ಪರ್ಶವೂ ದೊಡ್ಡ ಅಡ್ಡಿಯಲ್ಲ. ಬಹುಪಾಲು ಬೀಜ ತಾಯಿಗಿಡದ ಪಡಿಯಚ್ಚಾಗಿಯೇ ಹುಟ್ಟುತ್ತದೆ.

ಇಂಥ ಹುಲ್ಲು ಗಟ್ಟಿಯಾಗಿ ಕೂತ ಹಳೆಯ ಬಯಲಿನ ನಟ್ಟನಡುವೆ ಏಕಾಏಕಿ ಏಳುವುದಿಲ್ಲ. ನೆಲ ಕೆದಕಿದಲ್ಲಿ, ನೀರು ನಿಂತಲ್ಲಿ, ಗೊಬ್ಬರ ಬಿದ್ದಲ್ಲಿ ಮೊದಲು ಬೇರೂರುತ್ತದೆ. ಜೆಸಿಬಿ ಟ್ರೆಂಚ್ ತೋಡಿದ ಗೆರೆ, ರಸ್ತೆ ಅಗಲ ಮಾಡಿ ಮಣ್ಣು ಸುರಿದ ಅಂಚು, ಸಸಿ ನೆಡಲು ಸಾಲಾಗಿ ತೆಗೆದ ಗುಂಡಿ, ಕಟ್ಟಡದ ಅವಶೇಷ ಸುರಿದ ಗುಡ್ಡೆ, ಇವೇ ಅದರ ಬಾಗಿಲು. ನಾವು ಅಭಿವೃದ್ಧಿ ಎಂದೋ ಅರಣ್ಯೀಕರಣ ಎಂದೋ ಮಾಡಿದ ಕೆಲಸವೇ ಅದಕ್ಕೆ ದಾರಿ ಬಿಟ್ಟುಕೊಟ್ಟಿದೆ.

ಹಾಗಾದರೆ ಕುಡುಗೋಲು ಏನು ಮಾಡುತ್ತದೆ? ಬಹುವಾರ್ಷಿಕ ಹುಲ್ಲಿಗೆ ಬುಡವೇ ಕಣಜ. ಮುಂಗಾರು ಬಿದ್ದ ಕೂಡಲೇ ಅದು ಕಣಜದಲ್ಲಿ ಕೂಡಿಟ್ಟದ್ದನ್ನು ಖರ್ಚು ಮಾಡಿ ಗರಿ ಬಿಡುತ್ತದೆ, ದಂಟು ಎತ್ತುತ್ತದೆ. ದಂಟು ಉಬ್ಬಿ ಹೊಡೆ ತುಂಬುವ ಹೊತ್ತಿಗೆ ಬುಡದಲ್ಲಿ ಉಳಿದಿರುವುದು ತೀರಾ ಕಡಿಮೆ. ಆಗ ನೆಲಮಟ್ಟಕ್ಕೆ ಕೊಯ್ದರೆ ಅದು ಮತ್ತೆ ಸಾಲ ಮಾಡಿ ಚಿಗುರಬೇಕು. ನಾಲ್ಕೈದು ವಾರಕ್ಕೆ ಮತ್ತೆ ದಂಟೆತ್ತಿದಾಗ ಮತ್ತೆ ಕೊಯ್ದರೆ ಕಣಜ ಬರಿದಾಗುತ್ತಾ ಬರುತ್ತದೆ. ಗಿನಿ ಹುಲ್ಲು ಎತ್ತರವಾಗಿ ಬೆಳೆದು ಬಲಗೊಳ್ಳುವ ಜಾತಿ. ಪದೇ ಪದೇ ತೀರಾ ಕೆಳಗೆ ಕೊಯ್ದರೆ ಅದು ಸೊರಗುತ್ತದೆ. ಮೇವು ಬೆಳೆಯುವ ರೈತರಿಗೆ ಪಶುಸಂಗೋಪನಾ ಇಲಾಖೆಯೇ ಹೇಳುವ ಬುದ್ಧಿಮಾತು ಇದು: ಬುಡದಿಂದ ಸ್ವಲ್ಪ ಮೇಲೆ ಕೊಯ್ಯಿರಿ, ಇಲ್ಲವಾದರೆ ಹುಲ್ಲು ಹೋಗುತ್ತದೆ. ಬಯಲಿನಲ್ಲಿ ನಮಗೆ ಬೇಕಿರುವುದು ಅದು ಹೋಗುವುದೇ. ಎರಡು ಮೂರು ಮಳೆಗಾಲ ತೆನೆ ಕಟ್ಟಲು ಬಿಡದಿದ್ದರೆ ಹೊಸ ಬೀಜವೂ ನೆಲಕ್ಕೆ ಬೀಳುವುದಿಲ್ಲ.

ಇದರಲ್ಲಿ ಕಾಲವೇ ಎಲ್ಲ. ಜನವರಿಯಲ್ಲಿ, ಹಣಕಾಸು ವರ್ಷ ಮುಗಿಯುವ ಮುಂಚೆ ಅನುದಾನ ಖರ್ಚಾಗಲಿ ಎಂದು ಯಂತ್ರ ಬಿಟ್ಟು ಇಡೀ ಬಯಲು ಬೋಳಿಸಿದರೆ ನಷ್ಟವೇ ಹೆಚ್ಚು. ಅಷ್ಟರಲ್ಲಿ ಗಿನಿ ಬೀಜ ಉದುರಿ ಆಗಿರುತ್ತದೆ, ಅದರ ಬುಡ ತುಂಬಿ ನಿದ್ದೆ ಹೋಗಿರುತ್ತದೆ, ಕೊಯ್ದರೂ ಅದಕ್ಕೆ ನೋವಿಲ್ಲ. ನೆಲದ ಮೇಲೆ ಮಲಗುವ ಸೆಳೆವಗಳಿಗೆ ಮಾತ್ರ ಆಸರೆ ತಪ್ಪುತ್ತದೆ. ಹಾಗೆಯೇ ಆಗಸ್ಟ್‌ನಲ್ಲಿ ಟ್ರ್ಯಾಕ್ಟರ್ ಸ್ಲಾಷರ್ ಹಿಡಿದು ನಾಡಹುಲ್ಲಿನ ನಡುವೆ ಓಡಾಡಿದರೆ ನೆಲದ ಗೂಡುಗಳು ನುಚ್ಚುನೂರಾಗುತ್ತವೆ, ನಮ್ಮ ಹುಲ್ಲೂ ಬೀಜ ಕಟ್ಟದೆ ಹೋಗುತ್ತದೆ.

ಆದ್ದರಿಂದ ಕೆಲಸ ಎರಡು ಬಗೆ, ಎರಡು ಕಾಲ. ರೋಹಿಣಿ, ಮೃಗಶಿರಾ ಮಳೆಯಲ್ಲಿ ನೆಲ ಮೆತ್ತಗಾದಾಗ ಒಂಟಿ ಗಿನಿ ಪೊದೆಗಳನ್ನು ಪಿಕಾಸಿ ಹಾಕಿ ಬುಡಸಮೇತ ಎಬ್ಬಿಸಬೇಕು. ಹಿಂಡಾಗಿ ಬೆಳೆದಲ್ಲಿ ಆರಿದ್ರಾ, ಪುನರ್ವಸು ಮಳೆಯ ಹೊತ್ತಿಗೆ, ಹೊಡೆ ಕಾಣುವ ಮುಂಚೆ ಮೊದಲ ಕೊಯ್ಲು. ಅಲ್ಲಿಂದ ಹಸ್ತ, ಚಿತ್ತೆಯವರೆಗೆ ತಿಂಗಳಿಗೊಮ್ಮೆ. ಇದು ಪೊದೆ ಗುರುತಿಸಿ ಕೈಯಿಂದ ಮಾಡುವ ಕೆಲಸ. ಬ್ರಷ್ ಕಟರ್ ಬಳಸುವುದಾದರೆ ರಸ್ತೆಯಂಚು, ಚರಂಡಿ, ಟ್ರೆಂಚಿನ ಗೆರೆಗಳಲ್ಲಿ ಮಾತ್ರ. ನಮ್ಮ ಹುಲ್ಲಿನ ಕೊಯ್ಲು ವಿಶಾಖ ಮಳೆ ಕಳೆದು ಬೀಜ ಉದುರಿದ ಮೇಲೆ, ವರ್ಷಕ್ಕೆ ಒಂದೇ ಸಲ, ಒಂದು ಗೇಣು ಬುಡ ಬಿಟ್ಟು. ಅದೂ ಬಯಲಿನ ಮೂರರಲ್ಲಿ ಒಂದು ಪಾಲು ಮಾತ್ರ. ಉಳಿದ ಎರಡು ಪಾಲು ಹಕ್ಕಿಗೆ, ನರಿಗೆ, ಮಿಡತೆಗೆ, ಮುಂದಿನ ವರ್ಷದ ಬೀಜಕ್ಕೆ.

ಕೊಯ್ದ ಹುಲ್ಲನ್ನು ಅಲ್ಲೇ ಬಿಡಬಾರದು. ಬಿಟ್ಟರೆ ಅದು ಕೊಳೆತು ನೆಲಕ್ಕೆ ಗೊಬ್ಬರವಾಗುತ್ತದೆ, ಗೊಬ್ಬರದ ನೆಲ ಮತ್ತೆ ಗಿನಿಯನ್ನೇ ಕರೆಯುತ್ತದೆ. ದಪ್ಪ ಹೊದಿಕೆಯ ಅಡಿಯಲ್ಲಿ ನಮ್ಮ ಸಣ್ಣ ಹುಲ್ಲು ಉಸಿರು ಕಟ್ಟುತ್ತದೆ. ತೆನೆ ಬಂದ ಹುಲ್ಲಿನ ಹೊರೆಯನ್ನು ಬಯಲಿನ ನಡುವೆ ಹೊತ್ತು ಸಾಗಿಸಿದರೆ ದಾರಿಯುದ್ದಕ್ಕೂ ಬಿತ್ತನೆ ಮಾಡಿದಂತೆ. ಹೊರೆ ಹೊತ್ತು ಹೋಗುವವರನ್ನು ನಾನು ಇಲ್ಲಿ ನೋಡುತ್ತಲೇ ಇರುತ್ತೇನೆ. ಮೇಲಿನ ಎಳೆಗರಿಯನ್ನಷ್ಟೇ ಆರಿಸಿ ಕೊಯ್ಯುತ್ತಾರೆ, ತೆನೆ ಹೊತ್ತ ಗಟ್ಟಿ ದಂಟನ್ನು ಹಸು ತಿನ್ನುವುದಿಲ್ಲವೆಂದು ಹಾಗೇ ಬಿಡುತ್ತಾರೆ. ಅವರ ಹಸುವಿಗೆ ಅದು ಸರಿ. ಆದರೆ ಉಳಿದ ಆ ತೆನೆಯೇ ಮುಂದಿನ ವರ್ಷದ ಹತ್ತು ಪೊದೆ. ಅವರನ್ನು ಓಡಿಸುವುದರಿಂದ ಏನೂ ಸಿಗದು. ತಿಂಗಳು ಮುಂಚೆ ಬನ್ನಿ, ಬುಡಕ್ಕೆ ಕೊಯ್ಯಿರಿ, ಕೂಲಿಯನ್ನೂ ಕೊಡುತ್ತೇವೆ ಎಂದರೆ ಅದೇ ಕೈ, ಅದೇ ಕುಡುಗೋಲು ಬಯಲನ್ನು ಕಾಯುತ್ತದೆ.

ಎಲ್ಲ ಹುಲ್ಲಿಗೂ ಒಂದೇ ಮದ್ದಿಲ್ಲ. ಕೆರೆಯಂಚಿನಲ್ಲಿ ಹರಡುವ ಪಾರಾ ಹುಲ್ಲನ್ನು ಯಂತ್ರದಿಂದ ಕತ್ತರಿಸಿ ಚೆಲ್ಲಿದರೆ ಒಂದೊಂದು ಗೆಣ್ಣೂ ಬೇರು ಬಿಡುತ್ತದೆ. ನೇಪಿಯರ್ ಕೂಡ ಹಾಗೆಯೇ. ರೈತರು ಅದನ್ನು ನೆಡುವುದೇ ಗೆಣ್ಣಿನಿಂದ. ಒಂದು ಜಾಗದಲ್ಲಿ ಓಡಿದ ಯಂತ್ರವನ್ನು ಝಾಡಿಸದೆ, ತೊಳೆಯದೆ ಇನ್ನೊಂದು ಜಾಗಕ್ಕೆ ಒಯ್ದರೆ ಬೀಜವನ್ನೂ ಒಯ್ದಂತೆ. ಈ ತಿಳಿವಳಿಕೆ ಇಲ್ಲದೆ ‘ಕಳೆ ತೆರವು’ ಎಂಬ ಒಂದೇ ಸಾಲಿನ ಟೆಂಡರ್ ಕರೆದು ಗುತ್ತಿಗೆದಾರರ ಕೈಗೆ ಬಯಲನ್ನು ಒಪ್ಪಿಸುವುದು ಬೇಡ.

ಬೇಲಿ ಹಾಕಿ ಸುಮ್ಮನಿದ್ದರೆ ಏನಾಗುತ್ತದೆ ಎಂಬುದಕ್ಕೆ ದೇಶದಲ್ಲೇ ದೊಡ್ಡ ಪಾಠವಿದೆ. ರಾಜಸ್ಥಾನದ ಭರತಪುರದ ಕೇವಲಾದೇವ್ ರಾಷ್ಟ್ರೀಯ ಉದ್ಯಾನದಲ್ಲಿ 1982ರ ನವೆಂಬರ್‌ನಲ್ಲಿ ದನ, ಎಮ್ಮೆ ಮೇಯಿಸುವುದನ್ನು ನಿಷೇಧಿಸಲಾಯಿತು. ವಿರೋಧಿಸಿದ ಹಳ್ಳಿಗರ ಮೇಲೆ ಗುಂಡು ಹಾರಿತು, ಜನ ಸತ್ತರು. ಆಮೇಲೆ ಆದದ್ದೇನು? ಎಮ್ಮೆಗಳು ತಿಂದು ಹದ್ದುಬಸ್ತಿನಲ್ಲಿಟ್ಟಿದ್ದ ಪಾಸ್ಪಾಲಂ ಎಂಬ ಬಹುವಾರ್ಷಿಕ ಹುಲ್ಲು ಅಡೆತಡೆಯಿಲ್ಲದೆ ಹಬ್ಬಿ ನೀರನ್ನೇ ಮುಚ್ಚಿತು. ಯಾವ ಹಕ್ಕಿಗಳಿಗಾಗಿ ನಿಷೇಧ ಹೇರಿದರೋ ಆ ಹಕ್ಕಿಗಳಿಗೇ ತೆರೆದ ನೀರು ಇಲ್ಲವಾಯಿತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿ.ಎಸ್. ವಿಜಯನ್ ಮತ್ತು ತಂಡ 1980ರಿಂದ ಹತ್ತು ವರ್ಷ ಅಲ್ಲೇ ಕೂತು ಅಧ್ಯಯನ ಮಾಡಿ, ಎಮ್ಮೆಗಳು ಆ ವ್ಯವಸ್ಥೆಯ ಭಾಗವೇ ಆಗಿದ್ದವು ಎಂಬ ತೀರ್ಮಾನಕ್ಕೆ ಬಂತು. ಹಳ್ಳಿಗರಿಗೆ ಹುಲ್ಲು ಕೊಯ್ಯಲು ಅವಕಾಶ ಕೊಡಬೇಕಾಯಿತು. ಜೀವಗಳನ್ನು ಕಳೆದುಕೊಂಡು ಕಲಿತ ಪಾಠವನ್ನು ನಾವು ಹೆಸರಘಟ್ಟದಲ್ಲಿ ಮೊದಲಿಂದ ಕಲಿಯಬೇಕೇ?

ಹೊರದೇಶದವರೂ ಇದೇ ದಾರಿ ಹಿಡಿದಿದ್ದಾರೆ. ಅಮೆರಿಕದ ಉತ್ತರದ ಬಯಲುಗಳಿಗೆ 19ನೇ ಶತಮಾನದ ಕೊನೆಯಲ್ಲಿ ಯುರೋಪಿನಿಂದ ಮೇವಿಗೆಂದು ತಂದ ಸ್ಮೂತ್ ಬ್ರೋಮ್ ಹುಲ್ಲು ಇಂದು ಅಲ್ಲಿನ ನಾಡಹುಲ್ಲನ್ನು ನುಂಗುತ್ತಿದೆ. ಅದರ ದಂಟು ಏಳುವ ಹೊತ್ತಿಗೆ ಕೊಯ್ಯುವುದು ಅಲ್ಲಿ ರೂಢಿಯಲ್ಲಿರುವ ಉಪಾಯಗಳಲ್ಲಿ ಒಂದು. ಕಾನ್ಸಾಸ್‌ನ ಕೊಂಜಾ ಹುಲ್ಲುಗಾವಲಿನಲ್ಲಿ ನಡೆದ ಪ್ರಯೋಗ 1998ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಸಾರಜನಕ ಹೆಚ್ಚಾದಾಗ, ಪ್ರತಿವರ್ಷ ಬೆಂಕಿ ಬಿದ್ದಾಗ ಕಡಿಮೆಯಾಗುವ ಸಸ್ಯವೈವಿಧ್ಯವನ್ನು ಕೊಯ್ಲು ಮತ್ತು ಮೇಯಿಸುವಿಕೆ ಉಳಿಸಿಕೊಳ್ಳಬಲ್ಲವು ಎಂದು ಅದು ತೋರಿಸಿತು. ಇನ್ನು ಕೊಯ್ಯದೆ ಬಿಟ್ಟದ್ದರ ಫಲ ಹವಾಯಿಯಲ್ಲಿ ಕಂಡಿತು. 2023ರ ಆಗಸ್ಟ್‌ನಲ್ಲಿ ಲಹೈನಾ ಪಟ್ಟಣ ಸುಟ್ಟು ನೂರಕ್ಕೂ ಹೆಚ್ಚು ಜನ ಸತ್ತಾಗ, ಪಾಳುಬಿದ್ದ ತೋಟಗಳಲ್ಲಿ ಒಣಗಿ ನಿಂತಿದ್ದ ಆಫ್ರಿಕಾದ ಹುಲ್ಲುಗಳು ಬೆಂಕಿಗೆ ಉರುವಲಾಗಿದ್ದವು. ಅವುಗಳಲ್ಲಿ ಗಿನಿ ಹುಲ್ಲೂ ಇತ್ತು. ಹೆಸರಘಟ್ಟದ ಸುತ್ತಲೂ ಊರುಗಳಿವೆ, ಬಡಾವಣೆಗಳು ಏಳುತ್ತಿವೆ. ಫೆಬ್ರುವರಿ, ಮಾರ್ಚಿನ ಗಾಳಿಯೂ ಇದೆ.

ನಮಗೆ ಇದನ್ನು ಹೊರಗಿನವರು ಹೇಳಿಕೊಡಬೇಕಾದದ್ದೂ ಇಲ್ಲ. ಮಲೆನಾಡಿನಲ್ಲಿ, ಉತ್ತರ ಕನ್ನಡದಲ್ಲಿ ಹುಲ್ಲಿನ ಬೇಣಗಳಿದ್ದವು, ಇನ್ನೂ ಅಲ್ಲಲ್ಲಿ ಇವೆ. ಮಳೆಗಾಲದಲ್ಲಿ ಬೇಣಕ್ಕೆ ದನ ಬಿಡದೆ ಕಾಯ್ದು, ಕರಡ ಹುಲ್ಲು ಬಲಿತ ಮೇಲೆ ಕೊಯ್ದು, ಮೆದೆ ಹಾಕಿ, ಬೇಸಿಗೆ ದಾಟಿಸುವುದು ಅಲ್ಲಿನ ಮನೆಮನೆಯ ಲೆಕ್ಕಾಚಾರ. ಬಯಲುಸೀಮೆಯಲ್ಲಿ ಹುಲ್ಲಿನ ಕಾವಲುಗಳಿದ್ದವು. ಚಿಕ್ಕದೇವರಾಜ ಒಡೆಯರ ಕಾಲದ ಅರಮನೆ ದನಗಳ ಇಲಾಖೆ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಆಯಿತು. ಅದರ ಕಾವಲುಗಳನ್ನು ಮಳೆಗಾಲದವು, ಚಳಿಗಾಲದವು, ಬೇಸಿಗೆಯವು ಎಂದು ವಿಂಗಡಿಸಿ, ಋತುವಿಗೆ ತಕ್ಕಂತೆ ದನಗಳನ್ನು ಅಟ್ಟುತ್ತಿದ್ದರು. ಒಂದು ಕಾವಲನ್ನು ದನ ಮೇಯುವಾಗ ಇನ್ನೊಂದು ಬೀಜ ಕಟ್ಟುತ್ತಿತ್ತು. ಹುಲ್ಲಿಗೂ ಬಾಯಿಗೂ ನಡುವೆ ಹೊತ್ತುಗೊತ್ತು ಇಟ್ಟ ಆಡಳಿತ ಅದು. ನಾಲ್ಕು ಲಕ್ಷ ಎಕರೆಗೂ ಮಿಕ್ಕಿದ್ದ ಆ ಕಾವಲುಗಳಲ್ಲಿ ಇಂದು ಐದನೇ ಒಂದು ಪಾಲೂ ಉಳಿದಿಲ್ಲ. ಚಳ್ಳಕೆರೆಯ ಕಾವಲಿನಲ್ಲಿ ಸಾವಿರಾರು ಎಕರೆ ರಕ್ಷಣೆ, ಬಾಹ್ಯಾಕಾಶ, ಅಣುಶಕ್ತಿ ಸಂಸ್ಥೆಗಳಿಗೆ ಹಂಚಿಕೆಯಾಯಿತು. ಉಳಿದ ಕಡೆ ದರಖಾಸ್ತು, ಒತ್ತುವರಿ, ನೆಡುತೋಪು.

ನೆಡುತೋಪಿನ ಮಾತನ್ನು ಬಿಡಿಸಿ ಹೇಳಲೇಬೇಕು. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ 1974ರಲ್ಲಿ ಘೋಷಣೆಯಾಯಿತು. ವಿಸ್ತೀರ್ಣ 119 ಚದರ ಕಿಲೋಮೀಟರ್. ಓಡಲು ಬಯಲು ಬೇಕಾದ ಚಿಗರಿಗೆಂದು ಮೀಸಲಿಟ್ಟ ಆ ನೆಲದ ಬಹುಭಾಗದಲ್ಲಿ ಎದ್ದು ನಿಂತಿರುವುದು ನೀಲಗಿರಿ ತೋಪು. ಅಲ್ಲಿ ಒಮ್ಮೆ ಇದ್ದ ಎರೆಭೂತ ಹಕ್ಕಿ ಈಗಿಲ್ಲ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ 2007ರಲ್ಲಿ ಆದ ಜಯಮಂಗಲಿ ಕೃಷ್ಣಮೃಗ ಮೀಸಲು ಬರೀ 798 ಎಕರೆ. ಅಲ್ಲಿಯೂ ನೀಲಗಿರಿ ಬಂದು ಕೂತಿತು. ಬಯಲು ಎಂದರೆ ಬಂಜರು, ಬಂಜರು ಎಂದರೆ ಮರ ನೆಡಲು ಖಾಲಿ ಇರುವ ಜಾಗ ಎಂಬ ಎಣಿಕೆ ಕಂದಾಯದ ಕಡತಗಳಲ್ಲೂ ದೇಶದ ಬಂಜರು ಭೂಮಿ ನಕ್ಷೆಗಳಲ್ಲೂ ಕೂತುಬಿಟ್ಟಿದೆ. ಜೂನ್ ಬಂದರೆ ಪ್ರತಿ ಇಲಾಖೆಗೂ ಸಸಿಯ ಗುರಿ ಇರುತ್ತದೆ, ಫೋಟೊ ಇರುತ್ತದೆ. ಹುಲ್ಲು ಉಳಿಸಿದ ಎಕರೆಗೆ ಗುರಿಯೂ ಇಲ್ಲ, ಲೆಕ್ಕದ ಶೀರ್ಷಿಕೆಯೂ ಇಲ್ಲ. ಆದರೆ ಬಯಲು ಬಂಜರಲ್ಲ. ಹೆಸರಘಟ್ಟದ ಬಯಲು ಅರ್ಕಾವತಿಯ ಜಲಾನಯನ. 1890ರ ದಶಕದಲ್ಲಿ ಬೆಂಗಳೂರಿಗೆ ಮೊದಲ ಕೊಳಾಯಿ ನೀರು ಹೋದದ್ದು ಹೆಸರಘಟ್ಟ ಕೆರೆಯಿಂದ. ಮಳೆಯನ್ನು ಹಿಡಿದು ನೆಲಕ್ಕಿಳಿಸುವ ಕೆಲಸವನ್ನು ಈ ಹುಲ್ಲು ಸದ್ದಿಲ್ಲದೆ ಮಾಡುತ್ತಾ ಬಂದಿದೆ.

ಇಲ್ಲಿಗೆ ಬರುವ ಆಕ್ಷೇಪಗಳು ನನಗೆ ಗೊತ್ತು. ಕೊಯ್ಯಲು ಬಿಟ್ಟರೆ ಒತ್ತುವರಿಯಾಗುತ್ತದೆ ಎನ್ನುತ್ತಾರೆ. ಒತ್ತುವರಿ ಆಗುವುದು ಯಾರೂ ಓಡಾಡದ, ಯಾರಿಗೂ ಬೇಡವಾದ ನೆಲದಲ್ಲಿ. ವರ್ಷಕ್ಕೆ ಐದಾರು ಸಲ ಐವತ್ತು ಜನ ಇಳಿದು ಕೆಲಸ ಮಾಡುವ ಬಯಲಿನಲ್ಲಿ ಒಂದು ಕಲ್ಲುಕಂಬ ನೆಟ್ಟರೂ ಸಂಜೆಯೊಳಗೆ ಸುದ್ದಿಯಾಗುತ್ತದೆ. ಸಿಬ್ಬಂದಿ ಇಲ್ಲ ಎನ್ನುತ್ತಾರೆ. ಅರಣ್ಯ ವೀಕ್ಷಕರು ಹುಲ್ಲು ಕೊಯ್ಯಬೇಕಿಲ್ಲ. ಸುತ್ತಲಿನ ಹಾಲು ಉತ್ಪಾದಕರ ಸಂಘಗಳೂ ಮಹಿಳಾ ಸ್ವಸಹಾಯ ಸಂಘಗಳೂ ಕೊಯ್ಯುತ್ತವೆ, ಸಿಬ್ಬಂದಿ ಜಾಗ ಗುರುತಿಸಿ ಲೆಕ್ಕ ಇಡಲಿ. ಬೆಂಕಿ ಹಾಕಿದರೆ ಸುಲಭವಲ್ಲವೇ ಎನ್ನುವವರೂ ಇದ್ದಾರೆ. ಸಂರಕ್ಷಣಾ ಮೀಸಲಿನಲ್ಲಿ ಬೆಂಕಿ ಇಡುವುದು ಕಾನೂನಿನ ಪ್ರಕಾರ ಅಪರಾಧ. ಅದಕ್ಕಿಂತ ಮುಖ್ಯವಾಗಿ, ಗಿನಿ ಬುಡ ಬೆಂಕಿಗೆ ಸಾಯುವುದಿಲ್ಲ. ಮೊದಲ ಮಳೆಗೆ ಬೂದಿಯ ಮೇಲೆ ಮೊದಲು ಚಿಗುರುವುದು ಅದೇ. ಕಳೆನಾಶಕ ಸಿಂಪಡಿಸಿ ಎನ್ನುವವರಿಗೆ ನನ್ನ ಉತ್ತರ: ಕೆಳಗೆ ಕೆರೆಯಿದೆ, ಮೇಲೆ ಮೇಯುವ ದನವಿದೆ. ದುಬಾರಿ ಎನ್ನುವವರು ಬರಗಾಲದ ವರ್ಷ ಗೋಶಾಲೆಗೆ, ಮೇವು ಬ್ಯಾಂಕಿಗೆ ದೂರದಿಂದ ಮೇವು ತರಿಸಿದ ಖರ್ಚನ್ನು ಒಮ್ಮೆ ತೆಗೆದು ನೋಡಲಿ. ಹೊಡೆಗೆ ಮುಂಚೆ ಕೊಯ್ದ ಗಿನಿ ಹುಲ್ಲು ಎಳೆಯದು, ರುಚಿಯಾದ ಹಸಿಮೇವು. ಬಯಲಿಗೆ ಶತ್ರುವಾದದ್ದು ಕೊಟ್ಟಿಗೆಗೆ ಅನ್ನ.

ಕಾನೂನು ಈ ಕೆಲಸಕ್ಕೆ ಅಡ್ಡ ಬರುವುದಿಲ್ಲ, ದಾರಿಯನ್ನೇ ಮಾಡಿಕೊಟ್ಟಿದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 36ಎ ಕಲಮು ಸ್ಥಳೀಯರೊಂದಿಗೆ ಸಮಾಲೋಚಿಸಿಯೇ ಮೀಸಲು ಘೋಷಿಸಬೇಕು ಎನ್ನುತ್ತದೆ. 36ಬಿ ಕಲಮು ನಿರ್ವಹಣಾ ಸಮಿತಿ ಇರಬೇಕು ಎನ್ನುತ್ತದೆ. ಅದರಲ್ಲಿ ಅರಣ್ಯ ಇಲಾಖೆಯವರ ಜೊತೆ ಆ ವ್ಯಾಪ್ತಿಯ ಪ್ರತಿ ಗ್ರಾಮ ಪಂಚಾಯಿತಿಯ ಪ್ರತಿನಿಧಿ, ವನ್ಯಜೀವಿ ಸಂಸ್ಥೆಗಳ ಮೂವರು, ಕೃಷಿ ಮತ್ತು ಪಶುಸಂಗೋಪನಾ ಇಲಾಖೆಗಳ ತಲಾ ಒಬ್ಬರು ಇರುತ್ತಾರೆ. ಹುಲ್ಲನ್ನು ಬಲ್ಲವರು, ಹಸುವನ್ನು ಬಲ್ಲವರು, ಹಕ್ಕಿಯನ್ನು ಬಲ್ಲವರು ಒಂದೇ ಮೇಜಿನ ಸುತ್ತ ಕೂರಬೇಕೆಂದು ಸಂಸತ್ತೇ ಬರೆದಿದೆ. ಕೂರಿಸುವ ಕೆಲಸ ತಮ್ಮದು.

ಆದ್ದರಿಂದ ನಾನು ಕೇಳುತ್ತಿರುವುದು ಇವು.

ಒಂದು, ಹೆಸರಘಟ್ಟದ ನಿರ್ವಹಣಾ ಸಮಿತಿಯ ಮೊದಲ ಕೆಲಸವಾಗಿ ಹುಲ್ಲಿನ ನಕ್ಷೆ ತಯಾರಾಗಲಿ. ಗಿನಿ, ನೇಪಿಯರ್, ಪಾರಾ ಎಲ್ಲೆಲ್ಲಿ, ಎಷ್ಟೆಷ್ಟು ಎಂಬುದನ್ನು ಮಳೆಗಾಲದಲ್ಲಿ ನಡೆದು ಗುರುತಿಸಲಿ.

ಎರಡು, ಕೊಯ್ಲಿನ ಪಂಚಾಂಗವನ್ನು ಕನ್ನಡದಲ್ಲಿ, ಮಳೆ ನಕ್ಷತ್ರಗಳ ಲೆಕ್ಕದಲ್ಲಿ ಬರೆದು ಪ್ರತಿ ಪಂಚಾಯಿತಿಯ ಗೋಡೆಗೆ ಹಾಕಲಿ. ಗೂಡಿನ ಕಾಲದಲ್ಲಿ ಯಂತ್ರ ಇಳಿಯದಿರಲಿ, ಮೂರನೇ ಎರಡು ಪಾಲು ಹುಲ್ಲು ಪ್ರತಿ ಚಳಿಗಾಲ ನಿಂತಿರಲಿ.

ಮೂರು, ಕೊಯ್ಯುವ ಹಕ್ಕು ಹರಾಜಿಗೆ ಹೋಗುವುದು ಬೇಡ. ಸುತ್ತಲಿನ ಹಳ್ಳಿಗಳ ಹಾಲು ಸಂಘ, ಸ್ವಸಹಾಯ ಸಂಘಗಳಿಗೆ ಕೂಲಿ ಕೊಟ್ಟು ಕೊಯ್ಯಿಸಲಿ. ಕೊಯ್ದ ಮೇವು ಅವರದೇ ಆಗಲಿ.

ನಾಲ್ಕು, ಮೀಸಲಿನ ಒಳಗೆ ಸಸಿ ನೆಡುವುದನ್ನು, ಟ್ರೆಂಚ್ ತೋಡುವುದನ್ನು, ಮಣ್ಣು ಸುರಿಯುವುದನ್ನು ಲಿಖಿತ ಆದೇಶದಿಂದ ನಿಲ್ಲಿಸಲಿ. ಮೀಸಲಿನ ಅಂಚಿನಲ್ಲಿ ಸರ್ಕಾರಿ ಭೂಮಿಯಲ್ಲಿ ಮೇವಿನ ಬೆಳೆ ಇದ್ದರೆ, ಅದನ್ನು ತೆನೆಗೆ ಮುಂಚೆ ಕೊಯ್ಯುವ ಹೊಣೆ ಆ ಇಲಾಖೆಯದೇ ಆಗಲಿ.

ಐದು, ಇಲ್ಲಿ ಮೂರು ವರ್ಷದಲ್ಲಿ ಕಲಿತದ್ದನ್ನು ಉಳಿದಿರುವ ಅಮೃತ ಮಹಲ್ ಕಾವಲುಗಳಿಗೆ, ರಾಣೆಬೆನ್ನೂರಿಗೆ, ಜಯಮಂಗಲಿಗೆ ಒಯ್ಯಲಿ. ಕೊಯ್ದ ತುಂಡು, ಕೊಯ್ಯದ ತುಂಡು ಅಕ್ಕಪಕ್ಕ ಇಟ್ಟು ಪ್ರತಿ ವರ್ಷ ಹುಲ್ಲು, ಹೂ, ಹಕ್ಕಿ ಎಣಿಸಿ ಜನರ ಮುಂದಿಡಲಿ.

ವಿಶ್ವಸಂಸ್ಥೆ 2026ನ್ನು ಹುಲ್ಲುಗಾವಲು ಮತ್ತು ಪಶುಪಾಲಕರ ಅಂತರರಾಷ್ಟ್ರೀಯ ವರ್ಷ ಎಂದು ಘೋಷಿಸಿದೆ. ಅದರ ಹೆಸರಿನಲ್ಲಿ ವಿಚಾರ ಸಂಕಿರಣಗಳು ನಡೆಯುತ್ತವೆ, ಭಾಷಣಗಳಾಗುತ್ತವೆ. ಗಿನಿ ಹುಲ್ಲು ಭಾಷಣ ಕೇಳುವುದಿಲ್ಲ. ಅದು ಪ್ರತಿ ಮಳೆಗಾಲಕ್ಕೆ ಒಂದಿಷ್ಟು ಒಳಗೆ ಸರಿಯುತ್ತದೆ. ಇವತ್ತು ಅದು ಅಂಚಿನಲ್ಲಿದೆ, ಕುಡುಗೋಲಿಗೆ ಸಿಗುತ್ತದೆ. ಬಯಲು ತುಂಬಿದ ಮೇಲೆ ಅದಕ್ಕೆ ಕೋಟಿಗಳ ಯೋಜನೆ ಬೇಕಾಗುತ್ತದೆ. ಆಗಲೂ ಕಳೆದುಹೋದ ಊಬಿನ ಹುಲ್ಲು, ಅದರ ಸಂದಿಯ ಗೂಡು ಮರಳಿ ಬರುತ್ತವೆಂಬ ಖಾತರಿಯನ್ನು ಯಾರೂ ಕೊಡಲಾರರು. ಮುಂದಿನ ಮೃಗಶಿರಾ ಮಳೆಯ ಒಳಗೆ ಸಮಿತಿಯ ಸಭೆ ಕರೆಯಿರಿ, ಕೊಯ್ಲಿನ ಆದೇಶಕ್ಕೆ ಸಹಿ ಹಾಕಿರಿ. ಹಳ್ಳಿಗಳಲ್ಲಿ ಕೈಗಳು ಸಿದ್ಧವಿವೆ. ತಡವಾಗಿರುವುದು ತಮ್ಮ ಕಡೆಯಿಂದ ಮಾತ್ರ.

ಇತಿ ತಮ್ಮ ವಿಶ್ವಾಸಿ,
ಹೆಸರಘಟ್ಟ ಹುಲ್ಲುಗಾವಲಿನ ಅಂಚಿನ ನಿವಾಸಿ